ಬಿಸಿನೆಸ್ ಸ್ಕೂಲ್ ಓದಿ ಹೆಸರು ಮಾಡಿದವರು: ಹೈದರಾಬಾದ್, ಕರ್ನಾಟಕ ನಂಟಿನ ಸಾಧಕರ ಪರಿಚಯ

ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಹೈದರಾಬಾದ್‌ಗೆ ಬಸ್ಸಿನಲ್ಲಿ ಹೋಗಿ ಬಂದವರಿಗೆ ಪಟಾನ್‌ಚೆರು ಹೊಸ ಹೆಸರಲ್ಲ. ಜಹೀರಾಬಾದ್, ಸಂಗಾರೆಡ್ಡಿ ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಸಿಗುವ ಕೈಗಾರಿಕಾ ಪಟ್ಟಣವಿದು. ಔಷಧ ಕಾರ್ಖಾನೆಗಳಿಗೆ ಮೊದಲಿನಿಂದಲೂ ಹೆಸರುವಾಸಿ. ಆದರೆ ಈಗ ಈ ದಾರಿಯುದ್ದಕ್ಕೂ ಕಾರ್ಖಾನೆಗಳ ಜೊತೆಗೆ ವಿದ್ಯಾಸಂಸ್ಥೆಗಳ ಫಲಕಗಳೂ ಕಾಣುತ್ತವೆ. ಕಂದಿಯಲ್ಲಿ ಐಐಟಿ ಹೈದರಾಬಾದ್, ರುದ್ರಾರಂನಲ್ಲಿ ಗೀತಂ ವಿಶ್ವವಿದ್ಯಾಲಯದ ಕ್ಯಾಂಪಸ್, ಪಟಾನ್‌ಚೆರುವಿನಲ್ಲೇ 1972ರಿಂದ ಇರುವ ಅಂತಾರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರ ಇಕ್ರಿಸ್ಯಾಟ್. ಪಟಾನ್‌ಚೆರು ಹತ್ತಿರದ ಮುತ್ತಂಗಿಯಲ್ಲಿ ಹೊರವರ್ತುಲ ರಸ್ತೆ ಹಿಡಿದರೆ ಗಚ್ಚಿಬೌಲಿ. ಅಲ್ಲಿದೆ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್, ಅಂದರೆ ಐಎಸ್‌ಬಿ.

ಮಗನೋ ಮಗಳೋ ಎಂಜಿನಿಯರಿಂಗ್ ಮುಗಿಸಿದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಮುಂದೇನು, ಎಂಬಿಎ ಮಾಡಿಸೋಣವೇ? ದೊಡ್ಡ ಕಂಪನಿಗಳ ಸಿಇಒಗಳ ಹೆಸರಿನ ಮುಂದೆ ವಿದೇಶಿ ಬಿಸಿನೆಸ್ ಸ್ಕೂಲ್‌ಗಳ ಹೆಸರು ಓದಿದಾಗ ಆ ಆಸೆ ಇನ್ನಷ್ಟು ಬಲವಾಗುತ್ತದೆ. ಆದರೆ ಆ ಸಾಧಕರು ಆ ಪದವಿಯನ್ನು ಯಾವಾಗ, ಯಾಕೆ ಮಾಡಿದರು, ಅದರಿಂದ ಏನು ಪಡೆದರು ಎಂದು ನೋಡಿದವರು ಕಡಿಮೆ. ಹೈದರಾಬಾದ್ ಹಾಗೂ ಕರ್ನಾಟಕದ ನಂಟಿರುವ, ಅಂತಾರಾಷ್ಟ್ರೀಯ ಮಟ್ಟದ ಬಿಸಿನೆಸ್ ಸ್ಕೂಲ್‌ಗಳಲ್ಲಿ ಓದಿದ ಕೆಲವರ ಪರಿಚಯ ಇಲ್ಲಿದೆ. ಜೊತೆಗೆ, ಅದೇ ಹಾದಿ ಹಿಡಿಯಬೇಕೆಂದಿರುವವರು ಗಮನಿಸಬೇಕಾದ ಸಂಗತಿಗಳೂ ಇವೆ.

ಐಎಸ್‌ಬಿ ಹುಟ್ಟಿದ್ದು ಹೇಗೆ?

1990ರ ದಶಕದ ಕೊನೆಯಲ್ಲಿ ಮೆಕಿನ್ಸೆ ಸಂಸ್ಥೆಯ ಮುಖ್ಯಸ್ಥರಾಗಿದ್ದ ರಜತ್ ಗುಪ್ತಾ ಮತ್ತು ಅದೇ ಸಂಸ್ಥೆಯ ಅನಿಲ್ ಕುಮಾರ್ ಮುಂದಾಳತ್ವದಲ್ಲಿ, ಭಾರತದಲ್ಲೊಂದು ವಿಶ್ವದರ್ಜೆಯ ಬಿಸಿನೆಸ್ ಸ್ಕೂಲ್ ಕಟ್ಟುವ ಪ್ರಯತ್ನ ಶುರುವಾಯಿತು. ಜಾಗಕ್ಕಾಗಿ ನೋಡಿದ ನಗರಗಳ ಪಟ್ಟಿಯಲ್ಲಿ ಮುಂಬೈ, ಚೆನ್ನೈ ಜೊತೆ ಬೆಂಗಳೂರೂ ಇತ್ತು. ಆದರೆ ಅಂದಿನ ಆಂಧ್ರಪ್ರದೇಶ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಬೆನ್ನುಬಿಡದೆ ಅದನ್ನು ಹೈದರಾಬಾದ್‌ಗೆ ತಂದರು. 1999ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ನಡೆಯಿತು. 2001ರ ಡಿಸೆಂಬರ್ 2ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಉದ್ಘಾಟಿಸಿದರು.

ಅಮೆರಿಕದ ವಾರ್ಟನ್ ಮತ್ತು ಕೆಲ್ಲಾಗ್, ಬ್ರಿಟನ್ನಿನ ಲಂಡನ್ ಬಿಸಿನೆಸ್ ಸ್ಕೂಲ್ ಇದರ ಆರಂಭದ ಸಹಭಾಗಿ ಸಂಸ್ಥೆಗಳು. ಅಲ್ಲಿನ ಪ್ರಾಧ್ಯಾಪಕರೇ ಬಂದು ಪಾಠ ಮಾಡುತ್ತಿದ್ದರು. ಮೊದಲ ತಂಡದಲ್ಲಿದ್ದದ್ದು 128 ವಿದ್ಯಾರ್ಥಿಗಳು. 2004ರಲ್ಲಿ ಡೀನ್ ಆದ ಎಂ. ರಾಮಮೋಹನ ರಾವ್ ಅದಕ್ಕೂ ಮೊದಲು ಐಐಎಂ ಬೆಂಗಳೂರಿನ ನಿರ್ದೇಶಕರಾಗಿದ್ದವರು. 2008ರಲ್ಲಿ ಫೈನಾನ್ಶಿಯಲ್ ಟೈಮ್ಸ್ ಪತ್ರಿಕೆಯ ಜಾಗತಿಕ ಎಂಬಿಎ ಪಟ್ಟಿಗೆ ಐಎಸ್‌ಬಿ ಮೊದಲ ಬಾರಿಗೆ ಸೇರಿತು. ಸೇರಿದಾಗಲೇ 20ನೇ ಸ್ಥಾನ. 2012ರಲ್ಲಿ ಮೊಹಾಲಿಯಲ್ಲಿ ಎರಡನೇ ಕ್ಯಾಂಪಸ್ ಆರಂಭವಾಯಿತು.

ಇಲ್ಲಿನ ಮುಖ್ಯ ಕೋರ್ಸ್ ಒಂದೇ ವರ್ಷದ್ದು. ಅದು ಕಾಲೇಜಿನಿಂದ ನೇರವಾಗಿ ಬಂದವರಿಗಲ್ಲ, ಕೆಲವು ವರ್ಷ ಕೆಲಸ ಮಾಡಿದವರಿಗೆಂದು ರೂಪಿಸಿದ್ದು. ಇಲ್ಲಿ ಓದಿದವರ ಕಥೆಗಳಲ್ಲಿ ಈ ಅಂಶ ಮತ್ತೆ ಮತ್ತೆ ಎದುರಾಗುತ್ತದೆ.

ಐಎಸ್‌ಬಿಯಿಂದ ಬಂದವರು

ನೀರಜ್ ಅರೋರಾ: ನಿಮ್ಮ ಮೊಬೈಲ್‌ನಲ್ಲಿರುವ ವಾಟ್ಸಾಪ್‌ಗೂ ಗಚ್ಚಿಬೌಲಿಗೂ ಒಂದು ಸಂಬಂಧವಿದೆ. ದೆಹಲಿ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ, ಕೆಲಸ ಮಾಡಿ, ಆಮೇಲೆ ಐಎಸ್‌ಬಿ ಸೇರಿದ ನೀರಜ್ 2006ರಲ್ಲಿ ಅಲ್ಲಿಂದ ಹೊರಬಂದರು. ಗೂಗಲ್‌ನಲ್ಲಿದ್ದು, 2011ರಲ್ಲಿ ವಾಟ್ಸಾಪ್ ಸೇರಿ ಅದರ ವ್ಯವಹಾರದ ಹೊಣೆ ಹೊತ್ತರು. ಆಗ ಅದು ಬೆರಳೆಣಿಕೆಯ ಸಿಬ್ಬಂದಿಯ ಪುಟ್ಟ ಕಂಪನಿ. 2014ರಲ್ಲಿ ಫೇಸ್‌ಬುಕ್ ಸುಮಾರು 1,900 ಕೋಟಿ ಡಾಲರ್‌ಗೆ ವಾಟ್ಸಾಪ್ ಖರೀದಿಸುವುದಾಗಿ ಪ್ರಕಟಿಸಿತು. ಆ ಮಾತುಕತೆಯಲ್ಲಿ ನೀರಜ್ ಪಾತ್ರ ದೊಡ್ಡದು. 2018ರಲ್ಲಿ ಅವರು ಕಂಪನಿ ಬಿಟ್ಟರು. ಆ ಮಾರಾಟದ ಬಗ್ಗೆ ತಮಗೆ ವಿಷಾದವಿದೆ ಎಂದು 2022ರಲ್ಲಿ ಬಹಿರಂಗವಾಗಿಯೇ ಬರೆದುಕೊಂಡರು. ಬಿಸಿನೆಸ್ ಜಗತ್ತಿನ ಅತಿ ದೊಡ್ಡ ವ್ಯವಹಾರಗಳಲ್ಲೊಂದನ್ನು ಮಾಡಿದವರು ಹೀಗೆ ಹೇಳುವುದು ಅಪರೂಪ.

ಚೈತನ್ಯ ರಾಮಲಿಂಗೇಗೌಡ: ಬೆಂಗಳೂರಿನ ಹಾಸಿಗೆ, ಪೀಠೋಪಕರಣ ಕಂಪನಿ ವೇಕ್‌ಫಿಟ್‌ನ ಸಹಸಂಸ್ಥಾಪಕ. ಇವರೂ ಐಎಸ್‌ಬಿ ವಿದ್ಯಾರ್ಥಿ. ಅಂಕಿತ್ ಗರ್ಗ್ ಜೊತೆ ಸೇರಿ 2016ರಲ್ಲಿ ಕಂಪನಿ ಆರಂಭಿಸಿದರು. ಅಂಗಡಿಗೆ ಹೋಗಿ, ಒತ್ತಿ ನೋಡಿ ಹಾಸಿಗೆ ಕೊಳ್ಳುವುದೇ ರೂಢಿಯಾಗಿದ್ದ ಕಾಲದಲ್ಲಿ ಹಾಸಿಗೆಯನ್ನು ಸುತ್ತಿ ಡಬ್ಬಿಗೆ ತುಂಬಿ ಆನ್‌ಲೈನ್‌ನಲ್ಲಿ ಮಾರಿದರು. ಕನ್ನಡದ ಹೆಸರೊಂದು ದೇಶದ ನವೋದ್ಯಮಗಳ ಮುಂಚೂಣಿಯಲ್ಲಿ ಕಾಣಿಸಿಕೊಂಡ ಉದಾಹರಣೆಯಿದು.

ರುಚಿ ಕಾಲ್ರಾ, ಆಶಿಶ್ ಮಹಾಪಾತ್ರ: ಇಬ್ಬರೂ ಐಐಟಿಗಳಲ್ಲಿ ಓದಿ, ನಂತರ ಐಎಸ್‌ಬಿ ಮುಗಿಸಿ, ಮೆಕಿನ್ಸೆಯಲ್ಲಿ ಕೆಲಸ ಮಾಡಿದ ದಂಪತಿ. ಉಕ್ಕು, ರಾಸಾಯನಿಕದಂಥ ಕಚ್ಚಾವಸ್ತುಗಳನ್ನು ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ ಒದಗಿಸುವ ಆಫ್‌ಬಿಸಿನೆಸ್ ಕಟ್ಟಿದರು. ಅಂಥ ಕಾರ್ಖಾನೆಗಳಿಗೆ ಸಾಲ ಕೊಡುವ ಆಕ್ಸಿಜೋ ಸಂಸ್ಥೆಯನ್ನು ರುಚಿ ಮುನ್ನಡೆಸಿದರು. 2021 ಮತ್ತು 2022ರಲ್ಲಿ ಒಂದರ ಹಿಂದೆ ಒಂದರಂತೆ ಎರಡೂ ನೂರು ಕೋಟಿ ಡಾಲರ್ ಮೌಲ್ಯ ದಾಟಿ ಯೂನಿಕಾರ್ನ್ ಎನಿಸಿಕೊಂಡವು.

ಅಂಕುರ್ ವಾರಿಕೂ: ಅಮೆರಿಕದಲ್ಲಿ ಖಭೌತವಿಜ್ಞಾನದ ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಬಂದವರು. ಐಎಸ್‌ಬಿ ಓದಿ, ನಿಯರ್‌ಬೈ ಎಂಬ ಕಂಪನಿ ನಡೆಸಿ, ಈಗ ಹಣಕಾಸು ಮತ್ತು ವೃತ್ತಿಜೀವನದ ಬಗ್ಗೆ ವಿಡಿಯೊ, ಪುಸ್ತಕಗಳಿಂದ ಯುವಜನರಿಗೆ ಪರಿಚಿತರು. ಗೆಲುವಿಗಿಂತ ತಮ್ಮ ಸೋಲುಗಳ ಬಗ್ಗೆ ಹೆಚ್ಚು ಮಾತನಾಡುವುದು ಅವರ ವಿಶೇಷ.

ಹೈದರಾಬಾದ್‌ನಿಂದ ವಿದೇಶಕ್ಕೆ

ಐಎಸ್‌ಬಿ ಬರುವ ಮುಂಚೆ ಹೈದರಾಬಾದ್ ಹುಡುಗರಿಗೆ ಇಂಥ ಓದಿಗಾಗಿ ಸಮುದ್ರ ದಾಟಬೇಕಿತ್ತು. ಹಾಗೆ ಹೋದವರಲ್ಲಿ ಮೂವರು ಒಂದೇ ಶಾಲೆಯವರು. ಅದು ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲ್.

ಸತ್ಯ ನಾದೆಲ್ಲಾ: ಮೈಕ್ರೋಸಾಫ್ಟ್ ಮುಖ್ಯಸ್ಥ ನಾದೆಲ್ಲಾ ಅವರ ಎಂಜಿನಿಯರಿಂಗ್ ನಡೆದದ್ದು ನಮ್ಮ ಮಣಿಪಾಲದಲ್ಲಿ. ಆಗ ಮಣಿಪಾಲದ ಕಾಲೇಜು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1988ರಲ್ಲಿ ಪದವಿ ಪಡೆದು, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಮುಗಿಸಿದರು. 1992ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಷಿಕಾಗೋ ವಿಶ್ವವಿದ್ಯಾಲಯದ ಬೂತ್ ಬಿಸಿನೆಸ್ ಸ್ಕೂಲ್‌ನಿಂದ ಎಂಬಿಎ ಪಡೆದದ್ದು 1997ರಲ್ಲಿ. ಅಂದರೆ ಅವರು ಎಂಬಿಎ ಮಾಡಿದ್ದು ಕೆಲಸದಲ್ಲಿದ್ದುಕೊಂಡೇ. ವಾರವಿಡೀ ಸಿಯಾಟಲ್ ಬಳಿಯ ರೆಡ್‌ಮಂಡ್‌ನಲ್ಲಿ ದುಡಿದು, ವಾರಾಂತ್ಯಕ್ಕೆ ವಿಮಾನ ಹತ್ತಿ ಷಿಕಾಗೋಗೆ ಹೋಗಿ ಪಾಠ ಕೇಳಿ ಬರುತ್ತಿದ್ದರು. ಸಿಇಒ ಪಟ್ಟ ಸಿಕ್ಕಿದ್ದು ಅದಾದ 17 ವರ್ಷಗಳ ನಂತರ, 2014ರ ಫೆಬ್ರುವರಿ 4ರಂದು.

ಶಂತನು ನಾರಾಯಣ್: ಫೋಟೋಶಾಪ್, ಪಿಡಿಎಫ್ ಖ್ಯಾತಿಯ ಅಡೋಬಿ ಕಂಪನಿಯನ್ನು ಮುನ್ನಡೆಸಿದವರು. ಉಸ್ಮಾನಿಯಾ ವಿಶ್ವವಿದ್ಯಾಲಯದ ಎಂಜಿನಿಯರ್. ಅಮೆರಿಕಕ್ಕೆ ಹೋಗಿ, ಆ್ಯಪಲ್‌ನಂಥ ಕಂಪನಿಯಲ್ಲಿ ದುಡಿಯುತ್ತಲೇ ಬರ್ಕ್ಲಿಯ ಹಾಸ್ ಬಿಸಿನೆಸ್ ಸ್ಕೂಲ್‌ನ ಸಂಜೆ ತರಗತಿಗಳಿಗೆ ಹೋಗಿ 1993ರಲ್ಲಿ ಎಂಬಿಎ ಪಡೆದರು. 1998ರಲ್ಲಿ ಅಡೋಬಿ ಸೇರಿ, 2007ರ ಡಿಸೆಂಬರ್‌ನಲ್ಲಿ ಸಿಇಒ ಆದರು. ಒಮ್ಮೆ ಹಣ ಕೊಟ್ಟು ಡಬ್ಬಿಯಲ್ಲಿ ಕೊಳ್ಳುತ್ತಿದ್ದ ಸಾಫ್ಟ್‌ವೇರ್ ಅನ್ನು ತಿಂಗಳ ಬಾಡಿಗೆಯ ಲೆಕ್ಕಕ್ಕೆ ಬದಲಿಸಿದ್ದು ಅವರ ಕಾಲದ ದೊಡ್ಡ ನಿರ್ಧಾರ. ಆರಂಭದಲ್ಲಿ ಗ್ರಾಹಕರು ಸಿಟ್ಟಾದರೂ ನಂತರ ಅನೇಕ ಕಂಪನಿಗಳು ಅದೇ ದಾರಿ ಹಿಡಿದವು.

ಪ್ರೇಮ್ ವತ್ಸ: ಹೆಸರು ಕೇಳದವರೂ ಇವರ ಹೂಡಿಕೆಯನ್ನು ಕಣ್ಣಾರೆ ಕಂಡಿರುತ್ತಾರೆ. ಅದು ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. 1950ರಲ್ಲಿ ಹೈದರಾಬಾದ್‌ನಲ್ಲಿ ಹುಟ್ಟಿ, ಮದ್ರಾಸ್ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದ ವತ್ಸ ಕೆನಡಾಗೆ ಹೋದದ್ದು ಕೈಯಲ್ಲಿ ಪುಡಿಗಾಸು ಇಟ್ಟುಕೊಂಡು. ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದುವಾಗ ಮನೆಮನೆಗೆ ಹೋಗಿ ಏರ್ ಕಂಡಿಷನರ್, ಕೋಣೆ ಬಿಸಿ ಮಾಡುವ ಯಂತ್ರ ಮಾರಿ ಫೀಸು ಹೊಂದಿಸಿದರು. ಆ ಬಿಸಿನೆಸ್ ಸ್ಕೂಲ್‌ಗೆ ಈಗ ಐವಿ ಎಂಬ ಹೆಸರಿದೆ. 1985ರಲ್ಲಿ ಟೊರೊಂಟೊದಲ್ಲಿ ಫೇರ್‌ಫ್ಯಾಕ್ಸ್ ಕಟ್ಟಿದರು. ಅದರ ಭಾರತೀಯ ಅಂಗ 2017ರಲ್ಲಿ ಜಿವಿಕೆ ಸಮೂಹದಿಂದ ಬೆಂಗಳೂರು ವಿಮಾನ ನಿಲ್ದಾಣದ ಪಾಲು ಖರೀದಿಸಿತು. ಮುಂದೆ ಅದರ ಅತಿ ದೊಡ್ಡ ಷೇರುದಾರನೂ ಆಯಿತು. 2020ರಲ್ಲಿ ಪದ್ಮಶ್ರೀ ಬಂತು.

ಶ್ರೀಕಾಂತ್ ಬೊಲ್ಲಾ: ನ್ಯಾಯಾಲಯದ ಮೆಟ್ಟಿಲು ಹತ್ತಿ ಓದಿದ ಹುಡುಗ

ಪಟಾನ್‌ಚೆರು ದಾಟುವ ಹೆದ್ದಾರಿ 65 ಹೈದರಾಬಾದ್‌ಗೆ ನಿಲ್ಲುವುದಿಲ್ಲ. ವಿಜಯವಾಡ ದಾಟಿ ಸಮುದ್ರ ತೀರದ ಮಚಲೀಪಟ್ಟಣಂ ತಲುಪುತ್ತದೆ. ಅಲ್ಲಿನ ಸೀತಾರಾಮಪುರಂ ಎಂಬ ಹಳ್ಳಿಯ ಬಡ ರೈತ ಕುಟುಂಬದಲ್ಲಿ ಹುಟ್ಟಿದವರು ಶ್ರೀಕಾಂತ್ ಬೊಲ್ಲಾ. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಈ ಮಗುವನ್ನು ಸಾಕುವುದು ಬೇಡ ಎಂದು ಸಲಹೆ ಕೊಟ್ಟವರೂ ಇದ್ದರು. ತಂದೆತಾಯಿ ಕೇಳಲಿಲ್ಲ. ಅಂಧ ಮಕ್ಕಳ ವಸತಿ ಶಾಲೆಗೆ ಸೇರಿಸಲು ಹೈದರಾಬಾದ್‌ಗೆ ಕಳುಹಿಸಿದರು.

ಹತ್ತನೇ ತರಗತಿಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಅಂಕ ಬಂತು. ಆದರೆ ವಿಜ್ಞಾನ ಓದಲು ಅವಕಾಶ ಸಿಗಲಿಲ್ಲ. ಕಣ್ಣು ಕಾಣದವರು ಕಲಾ ವಿಭಾಗವನ್ನೇ ತೆಗೆದುಕೊಳ್ಳಬೇಕು ಎಂಬುದು ಆಗಿನ ನಿಯಮ. ರೇಖಾಚಿತ್ರ, ನಕ್ಷೆ ನೋಡಲಾಗದವರು ವಿಜ್ಞಾನ ಕಲಿಯುವುದು ಹೇಗೆ ಎಂಬ ವಾದ. ಶಿಕ್ಷಕರೊಬ್ಬರ ಬೆಂಬಲದಿಂದ ಶ್ರೀಕಾಂತ್ ನ್ಯಾಯಾಲಯಕ್ಕೆ ಹೋದರು. ತಿಂಗಳುಗಟ್ಟಲೆ ಕಾದ ಮೇಲೆ ಅನುಮತಿ ಸಿಕ್ಕಿತು. ಪಠ್ಯವನ್ನು ಧ್ವನಿ ರೂಪಕ್ಕೆ ತಂದುಕೊಂಡು ಓದಿ ಹನ್ನೆರಡನೇ ತರಗತಿಯಲ್ಲಿ ಶೇಕಡಾ 98 ಅಂಕ ಗಳಿಸಿದರು.

ಐಐಟಿ ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಲಿಲ್ಲ. ಇಲ್ಲಿ ಬಾಗಿಲು ಮುಚ್ಚಿದಾಗ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದರು. ಒಂದಕ್ಕಿಂತ ಹೆಚ್ಚು ಕಡೆಯಿಂದ ಕರೆ ಬಂತು. ಆರಿಸಿಕೊಂಡದ್ದು ಎಂಐಟಿಯನ್ನು. ಅಲ್ಲಿನ ಸ್ಲೋನ್ ಸ್ಕೂಲ್ ಆಫ್ ಮ್ಯಾನೇಜ್‌ಮೆಂಟ್‌ನಲ್ಲಿ ಓದಿದ ಮೊದಲ ಅಂಧ ವಿದೇಶಿ ವಿದ್ಯಾರ್ಥಿ ಅವರೇ.

ಓದು ಮುಗಿದಾಗ ಅಮೆರಿಕದಲ್ಲೇ ಉಳಿಯಬಹುದಿತ್ತು. ಅವರು ಹೈದರಾಬಾದ್‌ಗೆ ಮರಳಿ 2012ರಲ್ಲಿ ಬೊಲ್ಲಾಂಟ್ ಇಂಡಸ್ಟ್ರೀಸ್ ಆರಂಭಿಸಿದರು. ಅಡಿಕೆ ಹಾಳೆಯ ತಟ್ಟೆ, ಮರುಬಳಕೆ ಕಾಗದದ ಉತ್ಪನ್ನ, ಪ್ಯಾಕೇಜಿಂಗ್ ಸಾಮಗ್ರಿ ತಯಾರಿಸುವ ಕಂಪನಿಯಿದು. ಮಲೆನಾಡು, ಕರಾವಳಿಯ ತೋಟಗಳಲ್ಲಿ ಉದುರಿ ಬೀಳುವ ಹಾಳೆಗೆ ಬೆಲೆ ತಂದುಕೊಟ್ಟ ಉದ್ಯಮದ ಸಾಲಿಗೇ ಇದೂ ಸೇರುತ್ತದೆ. ಹುಬ್ಬಳ್ಳಿಯಲ್ಲೂ ಇದರ ಘಟಕ ಶುರುವಾಯಿತು. ಕಾರ್ಖಾನೆಯಲ್ಲಿ ಅಂಗವಿಕಲರಿಗೆ ಕೆಲಸ ಕೊಡುವುದೇ ಕಂಪನಿಯ ಮುಖ್ಯ ಉದ್ದೇಶ. ರತನ್ ಟಾಟಾ ಇದರಲ್ಲಿ ಹಣ ಹೂಡಿದರು. 2017ರಲ್ಲಿ ಫೋರ್ಬ್ಸ್ ಪತ್ರಿಕೆಯ ಏಷ್ಯಾದ 30 ವರ್ಷದೊಳಗಿನ ಸಾಧಕರ ಪಟ್ಟಿಯಲ್ಲಿ ಶ್ರೀಕಾಂತ್ ಹೆಸರು ಬಂತು. 2024ರ ಮೇ ತಿಂಗಳಲ್ಲಿ ರಾಜ್‌ಕುಮಾರ್ ರಾವ್ ನಟಿಸಿದ ಹಿಂದಿ ಚಿತ್ರ 'ಶ್ರೀಕಾಂತ್' ತೆರೆಕಂಡಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಎಂಐಟಿ ಅವರಿಗೆ ಬುದ್ಧಿ ಕೊಡಲಿಲ್ಲ. ಅದು ಮೊದಲೇ ಇತ್ತು. ಇಲ್ಲಿ ಸಿಗದಿದ್ದ ಅವಕಾಶ ಅಲ್ಲಿ ಸಿಕ್ಕಿತು. ಊರಿಗೆ ಬಂದು ತನ್ನಂಥ ಇತರರಿಗೆ ಅದೇ ಅವಕಾಶ ಕೊಟ್ಟದ್ದು ಅವರ ಸ್ವಂತ ತೀರ್ಮಾನ.

ಕನ್ನಡ ಮನೆತನದವರು

ಸಿ.ಕೆ. ಪ್ರಹ್ಲಾದ್: ಮ್ಯಾನೇಜ್‌ಮೆಂಟ್ ಓದಿದ ಯಾರನ್ನೇ ಕೇಳಿ, ಈ ಹೆಸರು ಗೊತ್ತಿರುತ್ತದೆ. ಅವರು ಕೊಯಮತ್ತೂರಿನ ಕನ್ನಡ ಮಾತನಾಡುವ ಕುಟುಂಬದವರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. 1941ರಲ್ಲಿ ಜನನ. ಚೆನ್ನೈನ ಲಯೋಲಾ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ನಾಲ್ಕು ವರ್ಷ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ದುಡಿದು, ನಂತರ ಐಐಎಂ ಅಹಮದಾಬಾದ್ ಸೇರಿದರು. 1975ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಿಂದ ಡಾಕ್ಟರೇಟ್ ಪಡೆದು, ಮುಂದೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಒಂದು ಕಂಪನಿ ತನ್ನ ಮೂಲ ಸಾಮರ್ಥ್ಯ ಯಾವುದೆಂದು ತಿಳಿದು ಅದರ ಮೇಲೆ ಬೆಳೆಯಬೇಕು ಎಂದು ಗ್ಯಾರಿ ಹ್ಯಾಮೆಲ್ ಜೊತೆ 1990ರಲ್ಲಿ ಬರೆದ ಲೇಖನವನ್ನು ಇಂದಿಗೂ ಪಾಠ ಮಾಡುತ್ತಾರೆ. 2004ರ ಪುಸ್ತಕದಲ್ಲಿ ಬಡವರನ್ನು ದಾನ ಬೇಡುವವರೆಂದು ನೋಡದೆ ಗ್ರಾಹಕರಾಗಿ, ಉದ್ಯಮಿಗಳಾಗಿ ನೋಡಿ ಎಂದರು. ಅದಕ್ಕೆ ಜೈಪುರ ಕಾಲು, ಮದುರೆಯ ಅರವಿಂದ ಕಣ್ಣಾಸ್ಪತ್ರೆಯಂಥ ಉದಾಹರಣೆ ಕೊಟ್ಟರು. 2009ರಲ್ಲಿ ಪದ್ಮಭೂಷಣ ಬಂತು. 2010ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಡಾ. ವಿವೇಕ್ ಮೂರ್ತಿ: ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಹಾರ್ವರ್ಡ್‌ನಲ್ಲಿ ಪದವಿ ಮುಗಿಸಿ, ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಪದವಿ ಮತ್ತು ಎಂಬಿಎ ಎರಡನ್ನೂ ಒಟ್ಟಿಗೆ 2003ರಲ್ಲಿ ಪಡೆದರು. ರೋಗಿಯನ್ನು ಗುಣಪಡಿಸುವುದು ಒಂದು ವಿದ್ಯೆ, ಕೋಟ್ಯಂತರ ಜನರಿಗೆ ಚಿಕಿತ್ಸೆ ತಲುಪಿಸುವ ವ್ಯವಸ್ಥೆ ನಡೆಸುವುದು ಇನ್ನೊಂದು ವಿದ್ಯೆ. ಅವರ ಕೈಯಲ್ಲಿ ಎರಡೂ ಇದ್ದವು. ಒಬಾಮ ಅವಧಿಯಲ್ಲಿ ಮೊದಲ ಬಾರಿ, ಬೈಡನ್ ಅವಧಿಯಲ್ಲಿ ಎರಡನೇ ಬಾರಿ ಅಮೆರಿಕದ ಸರ್ಜನ್ ಜನರಲ್ ಆದರು. ಒಂಟಿತನವೂ ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು 2023ರಲ್ಲಿ ಅವರು ಹೊರಡಿಸಿದ ಎಚ್ಚರಿಕೆ ಜಗತ್ತಿನ ಗಮನ ಸೆಳೆಯಿತು.

ರಮೇಶ್ ರಾಮನಾಥನ್: ಯೇಲ್‌ನಲ್ಲಿ ಎಂಬಿಎ ಮಾಡಿ ಸಿಟಿಬ್ಯಾಂಕ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು ಅದನ್ನು ಬಿಟ್ಟು ಬೆಂಗಳೂರಿಗೆ ಬಂದರು. ಪತ್ನಿ ಸ್ವಾತಿ ಜೊತೆ 2001ರಲ್ಲಿ ಜನಾಗ್ರಹ ಕಟ್ಟಿದರು. ವಾರ್ಡಿನ ಹಣ ಎಲ್ಲಿ ಖರ್ಚಾಗುತ್ತದೆ ಎಂದು ಪಾಲಿಕೆಯನ್ನು ಕೇಳುವ ಅಭ್ಯಾಸವನ್ನು ನಗರದ ಜನರಲ್ಲಿ ಬೆಳೆಸಿದ ಸಂಸ್ಥೆಗಳಲ್ಲಿ ಇದೂ ಒಂದು. ಬ್ಯಾಂಕಿನ ಲೆಕ್ಕ ಓದಿದವರು ಪಾಲಿಕೆಯ ಬಜೆಟ್ ಓದಲು ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ರಾಜೀವ್ ಗೌಡ: ವಾರ್ಟನ್‌ನಲ್ಲಿ ಸಾರ್ವಜನಿಕ ನೀತಿ ಮತ್ತು ನಿರ್ವಹಣೆ ವಿಷಯದಲ್ಲಿ ಪಿಎಚ್‌ಡಿ ಪಡೆದು, ಐಐಎಂ ಬೆಂಗಳೂರಿನಲ್ಲಿ ಪ್ರಾಧ್ಯಾಪಕರಾಗಿದ್ದವರು. 2014ರಿಂದ 2020ರವರೆಗೆ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದರು.

ಅಕ್ಷತಾ ಮೂರ್ತಿ, ರಿಷಿ ಸುನಕ್: ನಾರಾಯಣಮೂರ್ತಿ, ಸುಧಾಮೂರ್ತಿ ದಂಪತಿಯ ಮಗಳು ಅಕ್ಷತಾ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ರಿಷಿ ಸುನಕ್ ಪರಿಚಯವಾದದ್ದು ಸ್ಟ್ಯಾನ್‌ಫರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ. ಇಬ್ಬರೂ 2006ರಲ್ಲಿ ಎಂಬಿಎ ಮುಗಿಸಿದರು. ಅವರ ಮದುವೆ 2009ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಕರ್ನಾಟಕದ ಈ ಅಳಿಯ 2022ರ ಅಕ್ಟೋಬರ್‌ನಿಂದ 2024ರ ಜುಲೈವರೆಗೆ ಬ್ರಿಟನ್ ಪ್ರಧಾನಿಯಾಗಿದ್ದರು.

ನಾಣ್ಯದ ಇನ್ನೊಂದು ಮುಖ

ಇಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಗೆದ್ದವರ ಹೆಸರಷ್ಟೇ ಇರುತ್ತದೆ. ಆದರೆ ಹೈದರಾಬಾದ್ ಬಗ್ಗೆ ಬರೆಯುವಾಗ ಇನ್ನೆರಡು ಹೆಸರು ಬಿಟ್ಟರೆ ಚಿತ್ರ ಪೂರ್ತಿಯಾಗುವುದಿಲ್ಲ.

ಸತ್ಯಂ ಕಂಪ್ಯೂಟರ್ಸ್ ಸ್ಥಾಪಕ ರಾಮಲಿಂಗ ರಾಜು ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದಿದವರು. 1987ರಲ್ಲಿ ಆರಂಭವಾದ ಸತ್ಯಂ, ಹೈದರಾಬಾದ್ ಐಟಿ ನಗರವಾಗಿ ಬೆಳೆಯಲು ಕಾರಣವಾದ ಕಂಪನಿಗಳಲ್ಲೊಂದು. 2009ರ ಜನವರಿ 7ರಂದು ಅವರೇ ಪತ್ರ ಬರೆದು ಕಂಪನಿಯ ಲೆಕ್ಕದಲ್ಲಿ ವರ್ಷಗಳಿಂದ ಸುಳ್ಳು ತೋರಿಸಿರುವುದಾಗಿ ಒಪ್ಪಿಕೊಂಡರು. ಸಾವಿರಾರು ಉದ್ಯೋಗಿಗಳು, ಷೇರುದಾರರು ಬೀದಿಗೆ ಬಿದ್ದಂತಾದರು. ಕಂಪನಿ ಟೆಕ್ ಮಹೀಂದ್ರಾ ಪಾಲಾಯಿತು. 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ರಾಜು ಅವರಿಗೆ 7 ವರ್ಷ ಜೈಲು ಶಿಕ್ಷೆ ವಿಧಿಸಿತು. ಮೇಲ್ಮನವಿ ಸಲ್ಲಿಸಿದ ನಂತರ ಅವರಿಗೆ ಜಾಮೀನು ಸಿಕ್ಕಿತು.

ಐಎಸ್‌ಬಿ ಸ್ಥಾಪನೆಗೆ ಮುಂದಾಳತ್ವ ವಹಿಸಿದ ರಜತ್ ಗುಪ್ತಾ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಎಂಬಿಎ ಪದವೀಧರ. ಷೇರು ಮಾರುಕಟ್ಟೆಗೆ ಸಂಬಂಧಿಸಿದ ಗುಟ್ಟಿನ ಮಾಹಿತಿ ಹಂಚಿಕೊಂಡ ಆರೋಪ ಬಂದಾಗ 2011ರಲ್ಲಿ ಐಎಸ್‌ಬಿ ಅಧ್ಯಕ್ಷ ಸ್ಥಾನ ಬಿಟ್ಟರು. 2012ರ ಜೂನ್‌ನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಅಪರಾಧಿ ಎಂದು ತೀರ್ಮಾನವಾಗಿ ಎರಡು ವರ್ಷ ಶಿಕ್ಷೆಯಾಯಿತು. ತಾವು ತಪ್ಪು ಮಾಡಿಲ್ಲ ಎಂದು ಅವರು ಈಗಲೂ ಹೇಳುತ್ತಾರೆ. ಅವರು ಕಟ್ಟಿದ ಸಂಸ್ಥೆ ಮಾತ್ರ ಅದರಿಂದ ನಿಲ್ಲಲಿಲ್ಲ. ಬೆಳೆಯುತ್ತಲೇ ಹೋಯಿತು.

ಅಂದರೆ ಬಿಸಿನೆಸ್ ಸ್ಕೂಲ್ ಲೆಕ್ಕ ಕಲಿಸಬಹುದು, ಲೆಕ್ಕ ಸರಿಯಾಗಿ ಬರೆಯುವ ಮನಸ್ಸನ್ನು ಕೊಡುವುದು ಪದವಿಯ ಕೈಯಲ್ಲಿಲ್ಲ.

ಇವರೆಲ್ಲರಲ್ಲಿ ಸಮಾನವಾದದ್ದೇನು?

ಮೇಲಿನ ಹೆಸರುಗಳನ್ನು ಮತ್ತೊಮ್ಮೆ ನೋಡಿ. ನಾದೆಲ್ಲಾ, ನಾರಾಯಣ್ ಕೆಲಸ ಬಿಡದೆ ಎಂಬಿಎ ಮಾಡಿದರು. ಪ್ರಹ್ಲಾದ್ ಮೊದಲು ಕಾರ್ಖಾನೆಯಲ್ಲಿ ದುಡಿದರು. ನೀರಜ್ ಅರೋರಾ ಕೆಲಸ ಮಾಡಿ ಐಎಸ್‌ಬಿಗೆ ಬಂದರು. ವತ್ಸ ಓದುತ್ತಲೇ ಮನೆಮನೆ ತಿರುಗಿ ಮಾರಾಟ ಕಲಿತರು. ವಿವೇಕ್ ಮೂರ್ತಿ ಅವರಿಗೆ ವೈದ್ಯ ವೃತ್ತಿಯೇ ಮುಖ್ಯ, ಎಂಬಿಎ ಅದಕ್ಕೆ ಜೊತೆಯಾದ ವಿದ್ಯೆ.

ಹೆಚ್ಚಿನವರಿಗೆ ಬಿಸಿನೆಸ್ ಸ್ಕೂಲ್ ಮೊದಲ ಮೆಟ್ಟಿಲಾಗಿರಲಿಲ್ಲ, ಎರಡನೆಯದಾಗಿತ್ತು. ಕೈಯಲ್ಲಿ ಒಂದು ಕಸುಬು ಇತ್ತು. ಅದರಲ್ಲಿ ಮುಂದೆ ಹೋಗಲು ಏನು ಕಡಿಮೆಯಿದೆ ಎಂದು ಗೊತ್ತಾದ ಮೇಲೆ ಓದಲು ಹೋದರು. ಎಂಜಿನಿಯರಿಂಗ್ ಮುಗಿದ ಮರುವರ್ಷವೇ, ಏನು ಕಲಿಯಬೇಕೆಂದು ತಿಳಿಯದೆ, ಲಕ್ಷಗಟ್ಟಲೆ ಸಾಲ ಮಾಡಿ ಎಂಬಿಎಗೆ ಸೇರುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಸೇರುವ ಮುನ್ನ ಇವನ್ನು ಗಮನಿಸಿ

1. ಹೆಸರಿನಲ್ಲಿರುವ 'ಇಂಟರ್‌ನ್ಯಾಷನಲ್' ನಂಬಬೇಡಿ. ಆ ಪದವನ್ನು ಯಾವ ಕಾಲೇಜು ಬೇಕಾದರೂ ಫಲಕದಲ್ಲಿ ಬರೆದುಕೊಳ್ಳಬಹುದು. ಬಿಸಿನೆಸ್ ಸ್ಕೂಲ್‌ಗಳಿಗೆ ಜಾಗತಿಕವಾಗಿ ಮುಖ್ಯವಾದ ಮಾನ್ಯತೆಗಳು ಮೂರು: ಅಮೆರಿಕದ ಎಎಸಿಎಸ್‌ಬಿ, ಯುರೋಪಿನ ಇಕ್ವಿಸ್, ಬ್ರಿಟನ್ನಿನ ಆಂಬಾ. ಈ ಸಂಸ್ಥೆಗಳ ವೆಬ್‌ಸೈಟ್‌ನಲ್ಲಿ ಕಾಲೇಜಿನ ಹೆಸರಿದೆಯೇ ಎಂದು ನೀವೇ ಹುಡುಕಿ ನೋಡಿ. ಐಎಸ್‌ಬಿಗೆ ಈ ಮೂರೂ ಇವೆ.

2. ಸಿಗುವುದು ಪದವಿಯೇ, ಪ್ರಮಾಣಪತ್ರವೇ ಎಂದು ಕೇಳಿ. ಐಎಸ್‌ಬಿಯ ಒಂದು ವರ್ಷದ ಕೋರ್ಸ್ ಮುಗಿಸಿದವರಿಗೆ ಸಿಗುವುದು ವಿಶ್ವವಿದ್ಯಾಲಯದ ಎಂಬಿಎ ಪದವಿಯಲ್ಲ. ಖಾಸಗಿ ಕಂಪನಿಗಳು ಅದನ್ನು ಒಪ್ಪುತ್ತವೆ. ಆದರೆ ಮುಂದೆ ಸರ್ಕಾರಿ ಹುದ್ದೆ, ಅಧ್ಯಾಪಕ ವೃತ್ತಿ ಅಥವಾ ಪಿಎಚ್‌ಡಿ ಯೋಚನೆ ಇದ್ದರೆ ಆಯಾ ನಿಯಮ ನೋಡಿಕೊಳ್ಳುವುದು ಒಳ್ಳೆಯದು. ಸಣ್ಣ ಕಾಲೇಜುಗಳ ವಿಷಯದಲ್ಲಂತೂ ಯುಜಿಸಿ, ಎಐಸಿಟಿಇ ಮಾನ್ಯತೆ ಕಡ್ಡಾಯವಾಗಿ ಪರಿಶೀಲಿಸಿ.

3. ಕೆಲಸದ ಅನುಭವಕ್ಕೆ ಬೆಲೆಯಿದೆ. ಐಐಎಂಗಳಿಗೆ ಕ್ಯಾಟ್ ಪರೀಕ್ಷೆ ದಾರಿಯಾದರೆ, ಐಎಸ್‌ಬಿ ಮತ್ತು ವಿದೇಶಿ ಸಂಸ್ಥೆಗಳು ಹೆಚ್ಚಾಗಿ ಜಿಮ್ಯಾಟ್ ಅಥವಾ ಜಿಆರ್‌ಇ ಅಂಕ ಕೇಳುತ್ತವೆ. ಅಂಕದಷ್ಟೇ ತೂಕ ನೀವು ಮಾಡಿದ ಕೆಲಸಕ್ಕೂ, ಅರ್ಜಿಯ ಪ್ರಬಂಧಕ್ಕೂ ಇರುತ್ತದೆ. ಎರಡು ಮೂರು ವರ್ಷ ಕೆಲಸ ಮಾಡಿದ್ದು ವ್ಯರ್ಥವಾಗುವುದಿಲ್ಲ.

4. ಖರ್ಚಿನ ಲೆಕ್ಕ ಪೂರ್ತಿ ಹಾಕಿ. ಫೀಸು ಮಾತ್ರವಲ್ಲ, ಆ ಅವಧಿಯಲ್ಲಿ ಕೈತಪ್ಪುವ ಸಂಬಳ, ವಸತಿ, ವಿದೇಶವಾದರೆ ವೀಸಾ, ವಿಮೆ, ರೂಪಾಯಿ ಮೌಲ್ಯ ಕುಸಿದರೆ ಹೆಚ್ಚುವ ಹೊರೆ, ಎಲ್ಲವನ್ನೂ ಸೇರಿಸಿ. ಒಂದು ವರ್ಷದ ಕೋರ್ಸ್‌ಗೂ ಎರಡು ವರ್ಷದ ಕೋರ್ಸ್‌ಗೂ ಇಲ್ಲಿಯೇ ದೊಡ್ಡ ಅಂತರ ಬರುತ್ತದೆ.

5. ನೆರವು ಇದೆ, ಕೇಳಿ ಪಡೆಯಿರಿ. ಶಿಕ್ಷಣ ಸಾಲಕ್ಕೆ ಕೇಂದ್ರದ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ. ಪರಿಶಿಷ್ಟ ಸಮುದಾಯದ ವಿದ್ಯಾರ್ಥಿಗಳ ವಿದೇಶ ಓದಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಇವೆ. ಯಾವ ವಿಷಯಕ್ಕೆ, ಯಾರಿಗೆ ಎಂಬ ನಿಯಮ ಬದಲಾಗುತ್ತಿರುತ್ತದೆ. ಆಯಾ ವರ್ಷದ ಪ್ರಕಟಣೆ ಓದಿಯೇ ಅರ್ಜಿ ಹಾಕಿ.

6. ಹಳೆಯ ವಿದ್ಯಾರ್ಥಿಗಳನ್ನು ಮಾತನಾಡಿಸಿ. ಜಾಹೀರಾತಿನಲ್ಲಿ ಕಾಣುವುದು ಅತಿ ಹೆಚ್ಚು ಸಂಬಳದ ಅಂಕಿ. ತಂಡದ ನಡುವಿನಲ್ಲಿದ್ದವರಿಗೆ ಯಾವ ಕೆಲಸ ಸಿಕ್ಕಿತು, ಸಾಲ ತೀರಲು ಎಷ್ಟು ವರ್ಷ ಬೇಕಾಯಿತು ಎಂದು ಕೇಳಿದರೆ ನಿಜ ಸಂಗತಿ ತಿಳಿಯುತ್ತದೆ.

ಕೊನೆಯದಾಗಿ

ಹುಮನಾಬಾದ್‌ನಿಂದ ಹೊರಟ ಬಸ್ಸು ಪಟಾನ್‌ಚೆರು ದಾಟುವಾಗ ಕಿಟಕಿ ಪಕ್ಕ ಕೂತ ಹುಡುಗ ಅಥವಾ ಹುಡುಗಿಗೆ ಈ ಫಲಕಗಳು ದೊಡ್ಡ ಕನಸು ತೋರಿಸುತ್ತವೆ. ಕನಸು ತಪ್ಪಲ್ಲ. ಹಳ್ಳಿಯೊಂದರಲ್ಲಿ ಹುಟ್ಟಿದ, ಕಣ್ಣು ಕಾಣದ ಹುಡುಗ ಇದೇ ಹೆದ್ದಾರಿಯ ಇನ್ನೊಂದು ತುದಿಯಿಂದ ಹೊರಟು ಎಂಐಟಿ ತಲುಪಿ ವಾಪಸು ಬಂದಿದ್ದಾರೆ. ಆದರೆ ಅವರು ಹೊರಟಾಗ ತನಗೆ ಏನು ಕಲಿಯಬೇಕಿದೆ ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ಅರ್ಜಿ ತುಂಬುವ ಮೊದಲು ಆ ಪ್ರಶ್ನೆಗೆ ಮನೆಯವರೆಲ್ಲ ಕೂತು ಉತ್ತರ ಹುಡುಕಿದರೆ, ಯಾವ ಕಾಲೇಜು ಎಂಬ ಪ್ರಶ್ನೆ ಅರ್ಧ ಸುಲಭವಾಗುತ್ತದೆ.